ಕಾರಕೂನನ ಟಿಪ್ಪಣಿ: ಅದರಗುಂಚಿಯ ರಾಜಮ್ಮ



ನವೆಂಬರ ತಿಂಗಳು ಬಂತೆಂದರೆ ಸರಕಾರಿ ಕಚೇರಿಗಳ ಓಣಿಯಲ್ಲಿ ಮುದುಕರ ಜಾತ್ರೆ ನೆರೆಯುತ್ತದೆ. ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂದು ಬರೆದುಕೊಡಬೇಕಲ್ಲ! ಅದಕ್ಕೆ ಇಲ್ಲಿ ಹಯಾತಿಯ ದಾಖಲೆ ಎನ್ನುವರು. ಈಗೀಗ ಮೊಬೈಲಿಗೆ ಮುಖ ತೋರಿಸಿದರೂ ಕೆಲಸ ಸಾಗುತ್ತದೆ. ಆದರೆ ಹಳಬರಿಗೆ ಕಾರಕೂನನ ಮುಖ ನೋಡದೆ ಸಮಾಧಾನವಿಲ್ಲ. ಕನ್ನಡಕ ಒರೆಸಿಕೊಂಡು, ಚೀಲದೊಳಗಿನ ಚೀಲದಿಂದ ಕಾಗದ ತೆಗೆದು ನನ್ನ ಮುಂದಿಟ್ಟು, “ಈ ವರ್ಷವೂ ಇದ್ದೇನೆ ನೋಡಪ್ಪಾ” ಎಂದು ನಗುತ್ತಾರೆ. ನಾನೂ ನಗುತ್ತೇನೆ. ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್ ಗಾಡಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತು ಬಂದ ದಣಿವು ಆ ನಗುವಿನಲ್ಲಿ ಅರ್ಧ ಇಳಿದುಹೋಗುತ್ತದೆ.

ಆದರೆ ಬದುಕಿದ್ದೇನೆ ಎಂದು ತೋರಿಸಿದರೆ ಸಾಲದು, ಹೀಗೆ ಬಾಳಿದ್ದೆ ಎಂದೂ ತೋರಿಸಬೇಕಾದ ಅರ್ಜಿಯೊಂದಿದೆ. ಅದು ವೃದ್ಧ ಕಲಾವಿದರ ಮಾಸಾಶನದ ಅರ್ಜಿ. ಇಂಥ ಮಾಸಾಶನ ಮಹಾರಾಷ್ಟ್ರದಲ್ಲಿಯೂ ಉಂಟು, ಕರ್ನಾಟಕದಲ್ಲಿಯೂ ಉಂಟು. ಅರ್ಜಿದಾರನು ಇಷ್ಟು ವರ್ಷ ಹಾಡಿದ್ದನು, ಕುಣಿದಿದ್ದನು, ಬಣ್ಣ ಹಚ್ಚಿದ್ದನು ಎಂಬುದಕ್ಕೆ ಪುರಾವೆ ಬೇಕು. ಸರಕಾರದ ನೌಕರನಿಗೆ ಸೇವಾ ಪುಸ್ತಕವೆಂಬುದೊಂದಿರುತ್ತದೆ. ಅವನು ರಜೆ ಹಾಕಿದ ದಿನವೂ ಅದರಲ್ಲಿ ದಾಖಲಾಗಿರುತ್ತದೆ. ನಾಟಕದವರ ಸೇವಾ ಪುಸ್ತಕವನ್ನು ಯಾರು ಬರೆದಿಟ್ಟಿದ್ದಾರೆ?

ಕಳೆದ ನವೆಂಬರದಲ್ಲಿ ಕಲ್ಯಾಣ ಪೂರ್ವದ ಒಂದು ಚಾಳಿನಿಂದ ಅಜ್ಜಿಯೊಬ್ಬರು ಬಂದರು. ವಯಸ್ಸು ಎಂಬತ್ತನಾಲ್ಕು. ಇಳಕಲ್ಲ ಸೀರೆ, ನೆಟ್ಟಗಿನ ಬೆನ್ನು. ನಾನು ಮರಾಠಿಯಲ್ಲಿ ಕೇಳಿದ್ದಕ್ಕೆ ಶುದ್ಧ ಮರಾಠಿಯಲ್ಲಿಯೇ ಉತ್ತರ ಹೇಳಿದರು. ಆಮೇಲೆ ಮೇಜಿನ ಮೇಲಿನ ನನ್ನ ಹೆಸರಿನ ಪಟ್ಟಿಯನ್ನು ಓದಿ, “ನಮ್ಮ ಕಡಿಯಾಂವ ಇದ್ದೀಯಲ್ಲೋ ತಮ್ಮಾ!” ಎಂದರು. ಹನ್ನೆರಡನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿದವರಂತೆ. ಗದಗು, ವಿಜಾಪುರ, ಸೊಲ್ಲಾಪುರ, ಸಾಂಗಲಿ ಎಂದು ತಗಡಿನ ಥೇಟರುಗಳಲ್ಲಿ ಹದಿನೆಂಟು ವರ್ಷ ಬಣ್ಣ ಹಚ್ಚಿದವರು. ಪೇಟಿ ಬಾರಿಸುತ್ತಿದ್ದ ಯಜಮಾನರು ತೀರಿಕೊಂಡ ಮೇಲೆ, ಕಾರಖಾನೆಯಲ್ಲಿ ನೌಕರಿ ಸಿಕ್ಕ ಮಗನ ಬೆನ್ನು ಹತ್ತಿ ಕಲ್ಯಾಣಕ್ಕೆ ಬಂದರು. ಮಗ ಹೋಗಿ ಈಗ ಎಂಟು ವರ್ಷ. 

ಪುರಾವೆಯೆಂದು ಅವರ ಹತ್ತಿರ ಇದ್ದುದು ಒಂದೇ ಒಂದು ಹ್ಯಾಂಡಬಿಲ್ಲು. ಗುಲಾಬಿ ಬಣ್ಣದ ಕಾಗದ, ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ನಾಟಕದ ಹೆಸರಿತ್ತು, ಮಾಲಕರ ಹೆಸರು ದಪ್ಪ ಅಕ್ಷರಗಳಲ್ಲಿತ್ತು, ನಾಯಕನದಿತ್ತು, ಹಾಸ್ಯ ಪಾತ್ರದವನದಿತ್ತು, ಪರದೆ ಬರೆದವನದೂ ಇತ್ತು. ಕೆಳಗೆ ಒಂದು ಸಾಲು: ‘ಸ್ತ್ರೀ ಪಾತ್ರಗಳನ್ನು ಸ್ತ್ರೀಯರೇ ಅಭಿನಯಿಸುವರು.’ ಅಷ್ಟೇ. ಯಾವ ಸ್ತ್ರೀಯರು ಎಂಬುದಿಲ್ಲ.

ನಾನು ಏನು ಮಾಡಬೇಕಾಗಿತ್ತೋ ಅದನ್ನೇ ಮಾಡಿದೆ. ‘ಕಲಾಸೇವೆಯ ಪುರಾವೆ ಸಾಲದು, ಅರ್ಜಿದಾರರಿಗೆ ಮರಳಿಸುವದು’ ಎಂದು ಷರಾ ಬರೆದೆ. ಅಕ್ಷರ ದುಂಡಗಾಗಿಯೇ ಬಂತು.

ರಾತ್ರಿ ಊಟಕ್ಕೆ ಕುಳಿತಾಗ ಈ ಸಂಗತಿಯನ್ನು ನಮ್ಮ ಅವ್ವನ ಮುಂದೆ ಹೇಳಿಬಿಟ್ಟೆ. ಅವ್ವ ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೂ ಐತವಾರ ಆಕೀ ಮನೀಗಿ ಹೋಗಿ ಬಾ” ಎಂದಳು. ಯಾಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಐತವಾರ ಹೋದೆ. ಒಂದೇ ಕೋಣೆ. ಅಜ್ಜಿ ಸಿಟ್ಟು ಮಾಡಿಯಾರೆಂದು ಅಂಜಿದ್ದೆ. ಅವರು ಚುರುಮರಿ ಹಚ್ಚಿ ಕೊಟ್ಟರು, ಚಹಾ ಮಾಡಿದರು. ಒಲೆಯ ಮುಂದೆ ನಿಂತು ಸಣ್ಣಗೆ ಒಂದು ಚಾಲು ಗುನುಗುತ್ತಿದ್ದರು. ಎಲ್ಲಿಯೋ ಕೇಳಿದ್ದೆನೆನಿಸಿ, “ಯಾವದಜ್ಜೀ ಆ ಹಾಡು?” ಎಂದು ಕೇಳಿದೆ.

“ಶಾಂತಾ ಹುಬ್ಳೀಕರಳದ್ದು. ನಮ್ಮ ಅದರಗುಂಚಿ ರಾಜಮ್ಮ. ಗೊತ್ತಿಲ್ಲೇನು?” ಎಂದರು. ನಾನು ಮಾತಾಡಲಿಲ್ಲ. “ಆಕೀ ಹೆಸರಿನಾಗ ಊರರ ಉಳದೈತೆಪಾ. ನಂದು ಕಾಗದದಾಗೂ ಇಲ್ಲ” ಎಂದು ನಕ್ಕರು.

ಇತಿಹಾಸದಲ್ಲಿ ಬಿ.ಎ. ಮಾಡಿದವನು ನಾನು! ಶಾಂತಾ ಹುಬ್ಳೀಕರ ಎಂಬ ಹೆಸರನ್ನು ಕೇಳಿದ್ದೆ. ಆದರೆ ಆಕೆ ಮರಾಠಿ ನಟಿ ಎಂದು ತಿಳಿದಿದ್ದೆ. ಅದರಗುಂಚಿಯನ್ನೂ ಬಲ್ಲೆ. ಹುಬ್ಬಳ್ಳಿಯ ಹತ್ತಿರದ ಆ ಊರು ಕನ್ನಡಿಗರಿಗೆಲ್ಲ ಪರಿಚಿತವಾದುದು 1953ರಲ್ಲಿ. ಕರ್ನಾಟಕದ ಏಕೀಕರಣಕ್ಕಾಗಿ ಆಮರಣ ಉಪವಾಸಕ್ಕೆ ಕುಳಿತ ಶಂಕರಗೌಡ ಪಾಟೀಲರ ಊರು ಅದು. ಅದೇ ಮಣ್ಣಿನ ಹುಡುಗಿಯೊಬ್ಬಳು ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಹಿಂದುಸ್ಥಾನದ ಬಾಯಲ್ಲಿ ಒಂದು ಹಾಡನ್ನು ಇಟ್ಟಿದ್ದಳೆಂಬುದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಓದಿ, ಕೇಳಿ, ನೋಡಿ ತಿಳಿದುಕೊಂಡದ್ದನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತೇನೆ.

ಶಾಂತಾಬಾಯಿ ಹುಟ್ಟಿದ್ದು 1914ರಲ್ಲಿ. ಮನೆಯಲ್ಲಿ ಇಟ್ಟ ಹೆಸರು ರಾಜಮ್ಮ. ಚಿಕ್ಕಂದಿನಲ್ಲಿಯೇ ತಬ್ಬಲಿಯಾದ ಹುಡುಗಿ. ಕೈಹಿಡಿದು ನಡೆಸುವವರು ಇಲ್ಲದವಳಿಗೆ ಕಂಠವೇ ಆಸರೆಯಾಯಿತು. ಆ ಕಾಲದ ಹುಬ್ಬಳ್ಳಿ-ಧಾರವಾಡದ ಗಾಳಿಯಲ್ಲಿ ಹಿಂದುಸ್ಥಾನಿ ಸಂಗೀತವೂ ಮರಾಠಿ ನಾಟ್ಯಪದಗಳೂ ಕಂಪನಿ ನಾಟಕದ ಕಂದಗಳೂ ಬೆರೆತುಕೊಂಡಿದ್ದವು. ಧಾರವಾಡದ ಗಂಗೂಬಾಯಿ ಹಾನಗಲ್ಲರು ಇವಳಿಗಿಂತ ಒಂದೇ ವರ್ಷಕ್ಕೆ ಹಿರಿಯರು. ಬೀಳಗಿಯ ಅಮೀರಬಾಯಿ ಕರ್ನಾಟಕಿಯೂ ಹೆಚ್ಚು ಕಡಿಮೆ ಇದೇ ಓರಗೆಯವಳು.

ಈ ಹೆಸರುಗಳನ್ನು ಒಂದು ಸಲ ಸಾಲಾಗಿ ಇಟ್ಟು ನೋಡಿರಿ: ಹುಬ್ಳೀಕರ, ಹಾನಗಲ್ಲ, ಕರ್ನಾಟಕಿ. ಗಂಗೂಬಾಯಿಯವರ ಮೊದಲ ಗ್ರಾಮೋಫೋನ ತಟ್ಟೆಗಳ ಮೇಲೆಯೂ ಗಾಂಧಾರಿ ಎಂಬ ಹೆಸರಿನೊಡನೆ ಹುಬ್ಬಳ್ಳಿಯೇ ಅಚ್ಚಾಗಿತ್ತು. ಗಂಡಸರು ಮನೆತನದ ಹೆಸರಿನಿಂದ ಲೋಕಕ್ಕೆ ಪರಿಚಿತರಾದರೆ, ಹಾಡಲು ಹೊರಟ ನಮ್ಮ ಹೆಣ್ಣುಮಕ್ಕಳು ಊರನ್ನೇ ಮನೆತನ ಮಾಡಿಕೊಂಡು ಹೊರಟರು. ಊರು ಅವರನ್ನು ಎಷ್ಟು ಮಟ್ಟಿಗೆ ತನ್ನವರೆಂದಿತೋ, ಅವರಂತೂ ಊರನ್ನು ಕೊನೆಯವರೆಗೆ ಹೆಸರಿನಲ್ಲಿ ಹೊತ್ತರು.

ಬೋಲಪಟಗಳು ಬಂದ ಹೊಸತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು. ಅದನ್ನು ತೆಗೆದದ್ದು ಮಾತ್ರ ಕೊಲ್ಲಾಪುರದಲ್ಲಿ. ಸ್ಟುಡಿಯೋಗಳೆಲ್ಲ ಆ ಕಡೆಗೆ ಇದ್ದವು. ಹುಬ್ಬಳ್ಳಿಯ ಹುಡುಗಿಗೆ ಕೊಲ್ಲಾಪುರ-ಪುಣೆಯ ದಾರಿ ಬೆಂಗಳೂರಿಗಿಂತ ಸಮೀಪವಾಗಿತ್ತು. ಹಾಗೆ ರಾಜಮ್ಮ ಶಾಂತಾ ಹುಬ್ಳೀಕರಳಾಗಿ ಮೂವತ್ತರ ದಶಕದ ನಡುವಿನಲ್ಲಿ ಚಿತ್ರಪಟಗಳಿಗೆ ಬಂದಳು. ಪ್ರಭಾತ ಫಿಲ್ಮ ಕಂಪನಿಯ ‘ಮಾಝಾ ಮುಲಗಾ’ ಎಂಬ ಮರಾಠಿ ಚಿತ್ರದಲ್ಲಿ, ಅದರ ಹಿಂದಿ ರೂಪವಾದ ‘ಮೇರಾ ಲಡಕಾ’ದಲ್ಲಿ ಶಾಹೂ ಮೋಡಕರ ಜೊತೆಗೆ ನಟಿಸಿದ್ದು 1938ರಲ್ಲಿ.

ಪ್ರಭಾತದ ವಿಷಯ ಎಳೆಯರಿಗೆ ಎರಡು ಮಾತು ಹೇಳಬೇಕು. 1929ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದ ಈ ಕಂಪನಿ 1933ರಲ್ಲಿ ಪುಣೆಗೆ ಬಂತು. ತುತ್ತೂರಿ ಊದುವ ಹೆಣ್ಣಿನ ಚಿತ್ರ ಅದರ ಗುರುತು. ಆಗ ಕಂಪನಿಯವರೆಂದರೆ ತಿಂಗಳ ಪಗಾರದವರು. ನಟಿಯೂ ಬಡಗಿಯೂ ಒಂದೇ ಹಾಜರಿ ಪುಸ್ತಕದವರು. 1960ರಲ್ಲಿ ಭಾರತ ಸರಕಾರದ ಫಿಲ್ಮ ಶಿಕ್ಷಣ ಸಂಸ್ಥೆ ಪ್ರಾರಂಭವಾದದ್ದು ಅದೇ ಪ್ರಭಾತದ ಆವರಣದಲ್ಲಿ.

ಎರಡನೆಯ ಮಹಾಯುದ್ಧ ಶುರುವಾದ 1939ರಲ್ಲಿ ವ್ಹಿ. ಶಾಂತಾರಾಮರು ‘ಮಾಣೂಸ’ ಎಂಬ ಮರಾಠಿ ಚಿತ್ರವನ್ನೂ ಅದನ್ನೇ ಹಿಂದಿಯಲ್ಲಿ ‘ಆದಮಿ’ ಎಂದೂ ತೆಗೆದರು. ಶಾಂತಾಬಾಯಿಗೆ ಆಗ ಇಪ್ಪತ್ತೈದು ವರ್ಷ. ದೇಶದ ತರುಣರೆಲ್ಲ ಪ್ರೇಮಭಂಗವಾಯಿತೆಂದು ಕುಡಿದು ಸಾಯುವ ದೇವದಾಸನಿಗಾಗಿ ಕಣ್ಣೀರಿಡುತ್ತಿದ್ದ ಕಾಲ. ಪ್ರೇಮ ಕೈಗೂಡದಿದ್ದರೂ ಮನುಷ್ಯ ಬದುಕಬೇಕು, ಕೆಲಸ ಮಾಡಬೇಕು ಎಂದು ಹೇಳಲಿಕ್ಕೆ ಶಾಂತಾರಾಮರು ಈ ಚಿತ್ರ ತೆಗೆದರು.

ಒಂದು ರಾತ್ರಿ ಮಲಗುವ ಹೊತ್ತಿಗೆ ಯೂಟ್ಯೂಬಿನಲ್ಲಿ ಇದನ್ನು ನೋಡಲು ಕುಳಿತೆ. ಬೆಳಗ್ಗೆ 7-42ರ ಗಾಡಿ ಹಿಡಿಯುವದಿದೆ, ಅರ್ಧಕ್ಕೆ ಬಿಟ್ಟರಾಯಿತೆಂದುಕೊಂಡಿದ್ದೆ. ಬಿಡಲಾಗಲಿಲ್ಲ. ಗಣಪತನೆಂಬ ಪೋಲೀಸ ಶಿಪಾಯಿ. ಅವನ ಬಿಲ್ಲೆಯ ನಂಬರು 255. ಜೂಜಿನ ಅಡ್ಡೆಯ ಮೇಲೆ ದಾಳಿಗೆ ಹೋದಲ್ಲಿ ಮೈನಾ ಎಂಬ ವೇಶ್ಯೆ ಕಣ್ಣಿಗೆ ಬೀಳುತ್ತಾಳೆ. ಅವಳನ್ನು ಪಾರು ಮಾಡುತ್ತಾನೆ. ಸ್ನೇಹ ಬೆಳೆಯುತ್ತದೆ. ಆಕೆಯನ್ನು ತನ್ನ ಭಕ್ತಿವಂತ ತಾಯಿಯ ಮುಂದೆ ತಂದು ನಿಲ್ಲಿಸುತ್ತಾನೆ. ತಾಯಿ ಅವಳನ್ನು ಸೊಸೆಯೆಂದು ಅಕ್ಕರೆಯಿಂದ ಕಂಡಾಗಲೇ ಮೈನಾಳ ಕಾಲು ನಡುಗುತ್ತದೆ. ಬೈದಿದ್ದರೆ ಅವಳು ನಿಲ್ಲುತ್ತಿದ್ದಳೋ ಏನೋ; ಅಕ್ಕರೆಯನ್ನು ತಾಳಲಾರಳು. ಕೊನೆಗೆ ತನ್ನನ್ನು ಹಿಂಡುತ್ತಿದ್ದ ಕೆಡುಕ ಸೋದರಮಾವನ ಕೊಲೆ ಅವಳ ಕೈಯಿಂದ ಆಗುತ್ತದೆ. ಲಾಕಪ್ಪಿನ ಬಾಗಿಲು ತೆರೆದು ಓಡಿಹೋಗೆಂದು ಗಣಪತ ಹೇಳಿದರೂ ಅವಳು ಓಡುವದಿಲ್ಲ. ನೀನು ಬದುಕು, ನಿನ್ನ ಕೆಲಸ ನೋಡು ಎಂದು ಅವನನ್ನೇ ಕಳಿಸುತ್ತಾಳೆ.

ಈ ಮೈನಾ ನಮ್ಮ ರಾಜಮ್ಮ. ನೋಡುವವನ ಕರುಣೆಯನ್ನು ಬೇಡುವ ನಟನೆ ಅದಲ್ಲ. ಕಣ್ಣಲ್ಲಿ ಚೇಷ್ಟೆ, ತುಟಿಯಲ್ಲಿ ತಿರಸ್ಕಾರ, ಧ್ವನಿಯಲ್ಲಿ ಮಾತ್ರ ಎಲ್ಲಿಯೋ ಒಂದು ಬಿರುಕು. ನಮ್ಮ ಮನೆಯ ಹತ್ತಿರದ ಮಾರ್ಕೆಟ್ಟಿನಲ್ಲಿ ತರಕಾರಿಯವಳು ತೂಕದ ಮಾತಿಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಹಾಗೆ ಅವಳು ನಿಲ್ಲುತ್ತಾಳೆ. ಎಂಬತ್ತೈದು ವರ್ಷಗಳಾಚೆಯ ಚಿತ್ರದಲ್ಲಿ ಅದೊಂದು ನಿಲುವು ಹಳತಾಗಿಲ್ಲ.

ಆ ಚಿತ್ರದಲ್ಲಿ ಅವಳು ಹಾಡಿದ ಹಾಡು, ನಾಳೆಯ ಮಾತು ಯಾಕೆ ಎಂಬ ಅರ್ಥದ್ದು. ಮರಾಠಿ ಪದ ಅನಂತ ಕಾಣೇಕರರದು, ರಾಗ ಹಾಕಿದವರು ಮಾಸ್ತರ ಕೃಷ್ಣರಾವ್. ಮೈನಾಳ ಬಾಗಿಲಿಗೆ ಬರುವ ಗಿರಾಕಿಗಳು ದೇಶದ ನಾಲ್ಕೂ ಮೂಲೆಯವರು. ಅದಕ್ಕೆ ಹಾಡು ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುತ್ತದೆ. ಯಾವ ಭಾಷೆಯಲ್ಲಿಯೂ ಹುಬ್ಬಳ್ಳಿಯ ಹುಡುಗಿಯ ನಾಲಿಗೆ ತಡವರಿಸುವದಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ ಆಡುವ ನಮ್ಮಂಥ ಡೊಂಬಿವಲಿ-ಕಲ್ಯಾಣದ ಕನ್ನಡಿಗರಿಗೆ ಇದರ ಕಷ್ಟವೂ ಗೊತ್ತು, ಸುಖವೂ ಗೊತ್ತು.

ಹೀಗೆ ಪರರ ಭಾಷೆಗಳಲ್ಲಿ ಹೆಸರಾದ ಮೇಲೆ ಆಕೆ ಒಮ್ಮೆ ಕನ್ನಡಕ್ಕೂ ಬಂದಳು. 1942ರಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆಯ ‘ಜೀವನ ನಾಟಕ’ದಲ್ಲಿ ಕೆಂಪರಾಜ ಅರಸರ ಜೊತೆಗೆ ಅಭಿನಯಿಸಿದಳು. ಅದಕ್ಕೆ ಬರಹ ಅ. ನ. ಕೃಷ್ಣರಾಯರದು. ಇದನ್ನು ಓದುವಾಗ ನನಗೆ ದೂರದ ಮೆಕ್ಸಿಕೋ ದೇಶದ ಡೊಲೊರೆಸ್ ಡೆಲ್ ರಿಯೊ ನೆನಪಾದಳು. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿಗೆ ಹೋಗಿ ಹೆಸರಾದ ಆಕೆಯೂ ಹೆಚ್ಚು ಕಡಿಮೆ ಇದೇ ಹೊತ್ತಿಗೆ, 1943ರಲ್ಲಿ, ತನ್ನ ದೇಶದ ಸ್ಪ್ಯಾನಿಶ್ ಚಿತ್ರಗಳಿಗೆ ಮರಳಿದಳು. ಅಲ್ಲಿಯವರು ಅವಳನ್ನು ತಮ್ಮ ಚಿತ್ರರಂಗದ ಮಹಾರಾಣಿಯಾಗಿ ಮಾಡಿಕೊಂಡರು. ನಮ್ಮಲ್ಲಿ ಆಗ ಕನ್ನಡ ಚಿತ್ರಗಳೇ ವರ್ಷಕ್ಕೆ ಬೆರಳೆಣಿಕೆ. ಮಹಾರಾಣಿಯನ್ನು ಕೂಡ್ರಿಸಲಿಕ್ಕೆ ಕುರ್ಚಿ ಎಲ್ಲಿತ್ತು? ಶಾಂತಾಬಾಯಿ ಮತ್ತೆ ಆ ಕಡೆಗೇ ಹೋದಳು. ಪುಣೆಯವರನ್ನು ಮದುವೆಯಾಗಿದ್ದಳು, ತಾಯಿಯಾದಳು. ಚಿತ್ರಗಳು ಕಡಿಮೆಯಾಗುತ್ತ ಬಂದು ನಿಂತವು. ಪ್ರಭಾತವೂ ಐವತ್ತರ ದಶಕದಲ್ಲಿ ಬಾಗಿಲು ಹಾಕಿತು.

ಮುಂದಿನದು ದೀರ್ಘ ಮೌನ. 1972ರ ಅಕ್ಟೋಬರ 2ರಂದು ಮುಂಬಯಿಯ ದೂರದರ್ಶನ ಶುರುವಾಯಿತು. ಪ್ರಭಾತದ ಹಳೆಯ ಚಿತ್ರಗಳು ಮನೆಮನೆಯ ಪೆಟ್ಟಿಗೆಯೊಳಗೆ ಬಂದವು. ನಮ್ಮ ಅವ್ವ ಹೇಳುತ್ತಾಳೆ: ಚಾಳಿನಲ್ಲಿ ಒಂದೇ ಒಂದು ಟೀವಿ, ಅದರ ಮುಂದೆ ಹೊಸ್ತಿಲ ಮೇಲೂ ಕಿಟಕಿಯ ಸರಳಿಗೂ ಜನ. ಹಿರಿಯರು ಆ ಹಾಡಿಗೆ ತಲೆದೂಗುತ್ತಿದ್ದರು, ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಹಾಡಿದವಳು ಇನ್ನೂ ಇದ್ದಾಳೆಯೇ, ಇದ್ದರೆ ಎಲ್ಲಿದ್ದಾಳೆ ಎಂದು ಆ ಜನರಲ್ಲಿ ಒಬ್ಬರೂ ಕೇಳಲಿಲ್ಲವಂತೆ. “ಪಡದೇದಾಗಿನ ಮಂದಿಗಿ ವಯಸ್ಸಾಗ್ತದಂತ ನಮಗ ತಿಳೀಲೇ ಇಲ್ಲ” ಎಂದಳು ಅವ್ವ.

ಶಾಂತಾಬಾಯಿಗೆ ವಯಸ್ಸಾಗಿತ್ತು. ಆಕೆಯ ಇಳಿಗಾಲದ ದಿನಗಳು ವೃದ್ಧಾಶ್ರಮದಲ್ಲಿ ಕಳೆದವು. ಮನೆಯೊಳಗಿನ ಕಾರಣಗಳಿಗೆ ನಾನು ಕೈಹಾಕುವದಿಲ್ಲ. ಒಂದು ಮನೆಯ ಬಾಗಿಲ ಹಿಂದೆ ಏನಾಯಿತೆಂಬುದು ಪರರಿಗೆ ತಿಳಿಯದು, ತಿಳಿದವರಂತೆ ಮಾತಾಡುವದು ಸಲ್ಲದು. ಆ ವಯಸ್ಸಿನಲ್ಲಿ ಆಕೆ ಮರಾಠಿಯಲ್ಲಿ ತನ್ನ ಆತ್ಮಕಥೆ ಬರೆದಳು. ಅದಕ್ಕೆ ಇಟ್ಟ ಹೆಸರು ‘ಕಶಾಲಾ ಉದ್ಯಾಚೀ ಬಾತ’. ಆ ಹಳೆಯ ಹಾಡಿನದೇ ಹೆಸರು. ಇಪ್ಪತ್ತೈದರಲ್ಲಿ ನಾಳೆಯ ಮಾತೇಕೆಂದು ಕಣ್ಣು ಹೊಡೆದು ಹಾಡಿದವಳು, ಆ ನಾಳೆಯೊಳಗೇ ಕುಳಿತು ಅದೇ ಮಾತನ್ನು ಪುಸ್ತಕದ ಮೇಲೆ ಬರೆದಳು. ಕಹಿಯಿಂದ ಬರೆದಳೋ, ನಗುತ್ತ ಬರೆದಳೋ? ಮೈನಾಳ ಆ ನಿಲುವನ್ನು ನೋಡಿದ ಮೇಲೆ, ನಗುತ್ತಲೇ ಬರೆದಿರಬೇಕೆಂದು ನನಗೆ ತೋರುತ್ತದೆ. 1992ರ ಜುಲೈ 17ರಂದು ಪುಣೆಯಲ್ಲಿ ತೀರಿಕೊಂಡಳು. ಅದೇ ವರ್ಷ ಸಪ್ಟೆಂಬರದಲ್ಲಿ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು ಹೋದರು. ಅವರಿಗೆ ನಾಡೆಲ್ಲ ಅತ್ತಿತು, ಅದು ಸರಿಯೇ. ಈಕೆಯನ್ನು ಮರಾಠಿಯವರು ನೆನೆದಷ್ಟೂ ನಾವು ನೆನೆಯಲಿಲ್ಲ.

ಇನ್ನೊಂದು ಸಂಗತಿ ನಮ್ಮ ಠಾಣೆಗೆ ಸಂಬಂಧಿಸಿದ್ದು. ‘ಮಾಣೂಸ’ದಲ್ಲಿ ಚಹಾದ ಹುಡುಗನೊಬ್ಬನಿದ್ದಾನೆ, ಚುರುಕು ಪೋರ. ಆ ಪೋರನೇ ಮುಂದೆ ಸಂಗೀತಭೂಷಣ ರಾಮ ಮರಾಠೆಯವರಾದರು. ಅವರ ಹೆಸರಿನಲ್ಲಿ ಠಾಣೆಯ ಮಹಾನಗರಪಾಲಿಕೆ ಸಂಗೀತ ಸಮಾರೋಹ ನಡೆಸುತ್ತ ಬಂದಿದೆ. ನಾನೂ ಎರಡು ಸಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬಂದವನು. ನೆನಪಿಡುವದನ್ನು ಊರೊಂದು ಮನಸ್ಸು ಮಾಡಿದರೆ ಹೀಗೆ ಮಾಡಬಹುದು. ಚಹಾದ ಹುಡುಗನನ್ನು ಮರೆಯದ ಠಾಣೆಯ ಮೇಲೆ ನನಗೆ ಅಭಿಮಾನವೇ ಇದೆ. ಆದರೆ ಅದೇ ಚಿತ್ರದ ನಾಯಕಿಗೆ ಹುಬ್ಬಳ್ಳಿಯವರು, ಹುಬ್ಬಳ್ಳಿ ಬಿಟ್ಟು ಬಂದ ನಾವು, ಏನು ಮಾಡಿದ್ದೇವೆ? ಠಾಣೆಗೆ ಗಡಕರಿ ಮತ್ತು ಘಾಣೇಕರ, ಕಲ್ಯಾಣಕ್ಕೆ ಅತ್ರೆ, ವಾಶಿಗೆ ವಿಷ್ಣುದಾಸ ಭಾವೆ ಎಂದು ನಮ್ಮ ಸುತ್ತಿನ ನಾಟ್ಯಗೃಹಗಳಿಗೆ ಹೆಸರುಗಳಿವೆ. ಭಾವೆಯವರಿಗೆ 1843ರಲ್ಲಿ ಸಾಂಗಲಿಯಲ್ಲಿ ನಾಟಕವಾಡುವ ಪ್ರೇರಣೆ ಸಿಕ್ಕಿದ್ದು ಕರ್ನಾಟಕದಿಂದ ಬಂದ ಆಟದ ಮೇಳದವರಿಂದ. ಆ ಮೇಳದವರ ಹೆಸರುಗಳನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ?

ಎಲ್ಲ ನಟಿಯರ ಸಂಜೆಯೂ ಹೀಗೆಯೇ ಆಗುವದೆಂದು ಹೇಳಿದರೆ ತಪ್ಪಾದೀತು. 2023ರ ಡಿಸೆಂಬರ 8ರಂದು ತೀರಿಕೊಂಡ ಲೀಲಾವತಿಯವರು ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು, ಮಗನ ಜೊತೆಗಿದ್ದು, ಊರವರಿಗೆ ಆಸ್ಪತ್ರೆಯನ್ನೂ ಕಟ್ಟಿಸಿದರು. ಆದರೆ ಅದು ಅವರ ಗಟ್ಟಿತನ, ಅವರ ಮಗನ ಒಳ್ಳೆಯತನ. ಒಬ್ಬೊಬ್ಬರ ಗಟ್ಟಿತನದ ಮೇಲೆ ಒಂದು ವೃತ್ತಿಯ ಮುಪ್ಪನ್ನು ಬಿಡಬಾರದು. ಅಮೇರಿಕದವರು 1921ರಲ್ಲಿಯೇ ಇದನ್ನು ಯೋಚಿಸಿದರು. ಮೇರಿ ಪಿಕಫರ್ಡ, ಚಾರ್ಲಿ ಚಾಪ್ಲಿನ್ ಮೊದಲಾದವರು ಕೂಡಿ ಚಿತ್ರರಂಗದ ಬಡವರಿಗಾಗಿ ಒಂದು ನಿಧಿ ಮಾಡಿದರು. ಮುಂದೆ ಅದಕ್ಕೆ ದುಡಿಯುವವರ ಸಂಬಳದಿಂದ ಚೂರು ಭಾಗ ಮುರಿದುಕೊಳ್ಳುವ ಪದ್ಧತಿ ಬಂತು. 1942ರಲ್ಲಿ ಲಾಸ್ ಏಂಜಲೀಸದ ವುಡಲ್ಯಾಂಡ ಹಿಲ್ಸದಲ್ಲಿ ನಿವೃತ್ತರ ಮನೆಯೊಂದು ಎದ್ದಿತು. ನಾಯಕಿಯೂ ದೀಪ ಹಿಡಿದವನೂ ಅಲ್ಲಿ ಇರಬಹುದಾಗಿತ್ತು. ಅದೂ ಮುಪ್ಪಿನವರ ಮನೆಯೇ. ಆದರೆ ತಾವು ದುಡಿದು ಕಟ್ಟಿದ ಮನೆ. ದಾನದಿಂದ ಬಂದ ಹಾಸಿಗೆಗೂ ಹಕ್ಕಿನಿಂದ ಬಂದ ಹಾಸಿಗೆಗೂ ಇರುವ ಅಂತರವನ್ನು ಪಿಂಚಣಿಯ ಸಾಲಿನಲ್ಲಿ ನಿಂತ ಯಾವ ಮುದುಕನೂ ಹೇಳಿಯಾನು.

ಇನ್ನು ಕಲ್ಯಾಣದ ಅಜ್ಜಿಯ ಸುದ್ದಿ. ಮುಂದಿನ ಸೋಮವಾರ ಕಡತವನ್ನು ತೆಗೆಸಿ, ನಮ್ಮ ಸಾಹೇಬರ ಮುಂದೆ ನಿಂತು, ಷರಾ ತಿದ್ದಲು ಅಪ್ಪಣೆ ಬೇಡಿದೆ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, “ಹಳೆಯ ಕಲಾವಿದರ ಹೇಳಿಕೆಗಳನ್ನು ಲಗತ್ತಿಸಿದರೆ ಸಮಿತಿಯ ಮುಂದೆ ಇಡೋಣ, ಪಾಸಾಗುತ್ತದೆಂದು ಮಾತ್ರ ನಾನು ಹೇಳಲಾರೆ” ಎಂದರು. ಅಷ್ಟೇ ಸಾಕಾಗಿತ್ತು. ಅಜ್ಜಿಯ ಜೊತೆಗೆ ಆಡಿದವರಲ್ಲಿ ಸಾಂಗಲಿಯಲ್ಲಿದ್ದ ಒಬ್ಬ ಮುದುಕರು ಸಿಕ್ಕರು. ಅವರಿಗೆ ಕಣ್ಣು ಮಂದವಾಗಿದೆ. ಆದರೆ ಫೋನಿನಲ್ಲಿ ಅಜ್ಜಿಯ ಧ್ವನಿ ಕೇಳಿದೊಡನೆ ಅರುವತ್ತು ವರ್ಷದ ಹಿಂದಿನ ನಾಟಕದ ಮಾತನ್ನು ಹೇಳಿದರು.

ಅಜ್ಜಿ ಆ ಮಾತಿನ ಮುಂದಿನ ಮಾತನ್ನು ಹೇಳಿದರು. ನಾನು ನಡುವೆ ಫೋನು ಹಿಡಿದು ನಿಂತಿದ್ದೆ. ಅರ್ಧ ಗಂಟೆಯ ಹೊತ್ತು ಒಂದು ಅಂಕವೇ ನಡೆಯಿತು. ಒಂದು ಸಲ ಅಜ್ಜಿ ತಪ್ಪಿದರೆ ಆ ಕಡೆಯಿಂದ ತಿದ್ದುಪಡಿ ಬಂತು, ಮುದುಕರು ತಪ್ಪಿದಾಗ ಅಜ್ಜಿ, “ಆಗೂ ಅಲ್ಲೇ ಮರೀತಿದ್ದಿ!” ಎಂದು ಬೈದರು. ಇದಕ್ಕಿಂತ ದೊಡ್ಡ ಪುರಾವೆ ಯಾವ ಸಮಿತಿಗೆ ಬೇಕು? ಆದರೆ ಫೋನಿನ ಮಾತಿಗೆ ಜಾವಕ ನಂಬರು ಹಾಕಲು ಬರುವದಿಲ್ಲವಲ್ಲ! ಮುದುಕರ ಹೇಳಿಕೆ ಅಂಚೆಯಿಂದ ಬಂದಿದೆ, ಹೆಬ್ಬೆಟ್ಟಿನೊಡನೆ. ಎರಡು ಹೇಳಿಕೆಗಳು ಬೇಕು, ಒಂದಾಗಿದೆ. ಅರ್ಜಿ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಸಮಿತಿಯ ಸಭೆ ಇನ್ನೂ ಕೂಡಿಲ್ಲ.

ಆದುದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮನೆ ಮಾಡಿದ ನಮ್ಮವರಲ್ಲಿ ಅನೇಕರು ಊರಿನಿಂದ ಬರುವಾಗ ಒಂದು ತಗಡಿನ ಟ್ರಂಕು ತಂದಿದ್ದೇವೆ. ಅಟ್ಟದ ಮೇಲೆ ಇದ್ದೀತು. ಈ ಸಲ ಹಬ್ಬಕ್ಕೆ ಮನೆ ಸಾರಿಸಿ ತೆಗೆಯುವಾಗ ಅದನ್ನೊಮ್ಮೆ ತೆರೆದು ನೋಡಿರಿ. ತಳದಲ್ಲಿ ಹಾಸಿದ ಕಾಗದ ನಾಟಕದ ಹ್ಯಾಂಡಬಿಲ್ಲಾಗಿದ್ದರೆ ಬಿಸಾಡಬೇಡಿರಿ. ಅಜ್ಜ-ಅಜ್ಜಿಯರು ಯಾರಾದರೂ ಕಂಪನಿಯಲ್ಲಿ ಬಣ್ಣ ಹಚ್ಚಿದ್ದರೆ, ಪೇಟಿ ಬಾರಿಸಿದ್ದರೆ, ಬಾಗಿಲಲ್ಲಿ ತಿಕೀಟು ಹರಿದಿದ್ದರೂ ಸರಿಯೇ, ಅವರ ಹೆಸರು, ಊರು, ಕಂಪನಿ, ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಫೋಟೋ ಇದ್ದರೆ ಬೆನ್ನಿಗೆ ಪೆನ್ಸಿಲ್ಲಿನಿಂದ ಹೆಸರುಗಳನ್ನು ಬರೆಯಿರಿ. ಹೆಣ್ಣುಮಕ್ಕಳ ಹೆಸರುಗಳನ್ನು ಮೊದಲು ಬರೆಯಿರಿ. ಪ್ರತಿಯೊಂದನ್ನು ನಮ್ಮ ಸಂಘದ ಕಾರ್ಯಾಲಯಕ್ಕೆ ತಲುಪಿಸಿದರೆ ನಾನು ಕಡತ ಮಾಡಿ ಇಡುತ್ತೇನೆ. ಬೇರೆ ವಿದ್ಯೆ ನನಗೆ ಬರದಿದ್ದರೂ ಕಡತ ಮಾಡುವದು ಬರುತ್ತದೆ.

ಮೊನ್ನೆ ಅಜ್ಜಿಗೆ ಇದನ್ನು ಹೇಳಿದೆ. “ಅಷ್ಟೆಲ್ಲಾ ಯಾಕೋ ತಮ್ಮಾ, ನಾಳೀ ಮಾತು?” ಎಂದು ಅದೇ ಚಾಲಿನಲ್ಲಿ ಗುನುಗಿ ನಕ್ಕರು. ನಾನು ಹೊರಡಲು ಎದ್ದಾಗ ಮಾತ್ರ ಬಾಗಿಲವರೆಗೆ ಬಂದು, “ಸಾಂಗಲಿಯಾಂವನ ಫೋನು ಮತ್ತ ಯಾವಾಗ ಹಚ್ಚತೀ?” ಎಂದು ಕೇಳಿದರು.

ಐತವಾರ ಹಚ್ಚಿಕೊಡುತ್ತೇನೆಂದು ಹೇಳಿ ಬಂದಿದ್ದೇನೆ.